ಮೊದಲು ಯಾವುದು?

ಚಿತ್ರಮಂದಿರದ ದೀಪಗಳು ಆರಿ ಬಿಳಿಯ ತೆರೆಯ ಮೇಲೆ ಬೆಳಕು ಮೂಡಿದೊಡನೆ ಪ್ರೇಕ್ಷಕರು ಹೊರಗಿನ ಜಗತ್ತನ್ನು ಮರೆಯುತ್ತಾರೆ. ಎರಡೂವರೆ ಗಂಟೆಗಳ ಕಥೆ ತುಂಬಿದ ಹೊಳೆಯಂತೆ ಎಲ್ಲಿಯೂ ತಡೆಯಿಲ್ಲದೆ ಹರಿಯುತ್ತದೆ. ಕೊನೆಯಲ್ಲಿ ಹೆಸರುಗಳ ಸಾಲು ಮೇಲೇರತೊಡಗುವ ವೇಳೆಗೆ ಜನರು ಎದ್ದು ಬಾಗಿಲಿನ ಕಡೆಗೆ ನಡೆಯುತ್ತಿರುತ್ತಾರೆ. ನಟನಟಿಯರ ಹೆಸರು ಎಲ್ಲರ ನಾಲಗೆಯ ಮೇಲಿರುತ್ತದೆ. ‘ಸಹಾಯಕ ನಿರ್ದೇಶನ’, ‘ನಿರ್ಮಾಣ ನಿರ್ವಹಣೆ’ ಎಂಬ ಸಾಲುಗಳನ್ನು ನಿಂತು ಓದುವವರು ವಿರಳ. ಆದರೆ ಆ ಹೊಳೆ ತಡೆಯಿಲ್ಲದೆ ಹರಿಯುವಂತೆ ಕಾಲುವೆಯನ್ನು ಕಡಿದವರಲ್ಲಿ ಆ ಸಾಲುಗಳಲ್ಲಿರುವವರೂ ಸೇರಿದ್ದಾರೆ. ಒಂದೇ ಗಳಿಗೆಯಲ್ಲಿ ಹತ್ತು ಕೆಲಸಗಳು ಎದುರು ಬಂದು ನಿಂತಾಗ ‘ಮೊದಲು ಯಾವುದು?’ ಎಂಬ ಪ್ರಶ್ನೆಗೆ ಉತ್ತರವನ್ನು ಹುಡುಕುವುದೇ ಅವರ ನಿತ್ಯದ ದುಡಿಮೆ.

ಈ ಬಗೆಯ ದುಡಿಮೆ ಚಲನಚಿತ್ರದೊಡನೆ ಹುಟ್ಟಿದ್ದಲ್ಲ. ನಮ್ಮ ನಾಡಿನ ವೃತ್ತಿ ನಾಟಕ ಮಂಡಳಿಗಳು ಅದನ್ನು ಬಹು ಹಿಂದೆಯೇ ಬಲ್ಲವಾಗಿದ್ದವು. 1884ರಲ್ಲಿ ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಸಂಘವು ಮುಂದೆ ಗುಬ್ಬಿ ವೀರಣ್ಣನವರ ಒಡೆತನದಲ್ಲಿ ದೊಡ್ಡ ಸಂಸ್ಥೆಯಾಗಿ ಬೆಳೆಯಿತು. ‘ಕುರುಕ್ಷೇತ್ರ’ ನಾಟಕದಲ್ಲಿ ಆನೆ ಕುದುರೆಗಳನ್ನೇ ರಂಗದ ಮೇಲೆ ತಂದ ಕಂಪನಿ ಅದು. ಊರಿಂದೂರಿಗೆ ಸಾಗುವ ಪರದೆಗಳು, ಒಡವೆ ವೇಷಗಳು, ದೀಪಗಳು, ನಟರ ಸಂಸಾರಗಳು, ಪ್ರಾಣಿಗಳ ಮೇವು - ಇವೆಲ್ಲವನ್ನೂ ನೋಡಿಕೊಳ್ಳಬೇಕು. ಆದರೂ ಪ್ರಕಟಿಸಿದ ವೇಳೆಗೆ ಸರಿಯಾಗಿ ರಂಗದ ಪರದೆ ಏಳಬೇಕು. ಟಿಕೀಟು ಕೊಂಡು ಕುಳಿತ ಜನರಿಗೆ ಒಳಗಿನ ತೊಂದರೆಗಳು ಬೇಕಿಲ್ಲ. ಮನರಂಜನೆಯನ್ನು ಕಸಬಾಗಿ ಮಾಡಿಕೊಂಡವರಿಗೆ ಕಾಲವೆಂಬುದು ಎಂದಿನಿಂದಲೂ ಕಟ್ಟುನಿಟ್ಟಾದ ಯಜಮಾನ.

ಚಲನಚಿತ್ರವು ಬಂದ ಮೇಲೆ ಈ ಯಜಮಾನನ ಬಿಗಿ ಇನ್ನಷ್ಟು ಹೆಚ್ಚಿತು. ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರ ಮಾರ್ಚ್ 3ರಂದು ತೆರೆಕಂಡಿತು. ವೈ. ವಿ. ರಾವ್ ಅವರು ನಿರ್ದೇಶಿಸಿದ ಆ ಚಿತ್ರದಲ್ಲಿ ಸುಬ್ಬಯ್ಯ ನಾಯ್ಡು, ಆರ್. ನಾಗೇಂದ್ರರಾವ್, ತ್ರಿಪುರಾಂಬ ಮೊದಲಾದವರು ಅಭಿನಯಿಸಿದ್ದರು. ಅದರ ಚಿತ್ರೀಕರಣ ನಡೆದದ್ದು ದೂರದ ಕೊಲ್ಲಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಪರಸ್ಥಳಕ್ಕೆ ಹೋದ ತಂಡಕ್ಕೆ ಒಂದು ದಿನದ ವಿಳಂಬವೆಂದರೆ ಎಲ್ಲರ ಊಟ, ವಸತಿ, ಸ್ಟುಡಿಯೋದ ಬಾಡಿಗೆ ಇವೆಲ್ಲವೂ ಒಂದು ದಿನ ಹೆಚ್ಚಾಗುವುದೆಂದೇ ಅರ್ಥ. ನಾಟಕದಲ್ಲಿ ಇಂದು ತಪ್ಪಿದ್ದನ್ನು ನಾಳಿನ ಪ್ರಯೋಗದಲ್ಲಿ ತಿದ್ದಿಕೊಳ್ಳಬಹುದು. ಚಿತ್ರದಲ್ಲಿ ಹಾಗಲ್ಲ. ಒಮ್ಮೆ ತಂಡ ಚದುರಿ, ಕಟ್ಟಿದ ದೃಶ್ಯಸಜ್ಜೆಯನ್ನು ಕಳಚಿ ಹಾಕಿದ ಮೇಲೆ ಉಳಿದ ತಪ್ಪು ಉಳಿದೇ ಹೋಗುತ್ತದೆ.

ಚಿತ್ರದ ಕಥೆಯು ಆದಿಯಿಂದ ಅಂತ್ಯದವರೆಗೆ ನೇರವಾಗಿ ಸಾಗಿದರೂ ಅದನ್ನು ಸೆರೆಹಿಡಿಯುವ ಕೆಲಸ ಹಾಗೆ ಸಾಗುವುದಿಲ್ಲ. ಕಥಾನಾಯಕನು ಮೊದಲ ದೃಶ್ಯದಲ್ಲಿ ಒಂದು ರೈಲು ನಿಲ್ದಾಣದಿಂದ ಹೊರಡುತ್ತಾನೆ. ಕೊನೆಯ ದೃಶ್ಯದಲ್ಲಿ ಅದೇ ನಿಲ್ದಾಣಕ್ಕೆ ಮರಳುತ್ತಾನೆ. ನಡುವೆ ಇಪ್ಪತ್ತು ವರ್ಷಗಳು ಕಳೆದಿರುತ್ತವೆ. ಆದರೆ ನಿಲ್ದಾಣದಲ್ಲಿ ಚಿತ್ರೀಕರಣಕ್ಕೆ ದೊರೆತ ಅನುಮತಿ ಎರಡೇ ದಿನಗಳದು. ಹೀಗಾಗಿ ಬೆಳಿಗ್ಗೆ ಕಪ್ಪು ಕೂದಲಿನ ಯುವಕನಾಗಿ ಹೊರಟ ನಟನು ಮಧ್ಯಾಹ್ನ ನರೆತಲೆಯ ವೃದ್ಧನಾಗಿ ಬಂದಿಳಿಯಬೇಕಾಗುತ್ತದೆ. ಒಂದು ಸ್ಥಳಕ್ಕೆ ಸೇರಿದ ದೃಶ್ಯಗಳನ್ನೆಲ್ಲ ಒಟ್ಟಿಗೆ ಮುಗಿಸುವುದೇ ಇಲ್ಲಿಯ ನಿಯಮ.

ಆದುದರಿಂದ ಚಿತ್ರೀಕರಣಕ್ಕೆ ಮುನ್ನವೇ ಸಹಾಯಕ ನಿರ್ದೇಶಕನು ಚಿತ್ರಕಥೆಯನ್ನು ಬಿಡಿಬಿಡಿಯಾಗಿ ವಿಂಗಡಿಸುತ್ತಾನೆ. ಪ್ರತಿಯೊಂದು ದೃಶ್ಯವೂ ಎಲ್ಲಿ ನಡೆಯುತ್ತದೆ? ಹಗಲೋ ಇರುಳೋ? ಒಳಾಂಗಣವೋ ಹೊರಾಂಗಣವೋ? ಅದರಲ್ಲಿ ಯಾರು ಯಾರು ಇರುತ್ತಾರೆ? ಯಾವ ಉಡುಪು, ಯಾವ ಸಾಮಗ್ರಿ, ಯಾವ ವಾಹನ ಬೇಕು? ಇವೆಲ್ಲವನ್ನೂ ಪಟ್ಟಿಮಾಡಿ, ಸ್ಥಳಗಳು ದೊರೆಯುವ ದಿನಗಳನ್ನೂ ನಟರು ಒಪ್ಪಿಕೊಟ್ಟಿರುವ ದಿನಗಳನ್ನೂ ಅವುಗಳೊಡನೆ ಹೊಂದಿಸುತ್ತಾನೆ. ನಟರು ಹೀಗೆ ಕೊಡುವ ದಿನಗಳಿಗೆ ಚಿತ್ರರಂಗದಲ್ಲಿ ‘ಕಾಲ್‌ಶೀಟ್’ ಎಂದು ಹೆಸರು. ಪ್ರಸಿದ್ಧ ನಟರೊಬ್ಬರ ನಾಲ್ಕು ದಿನಗಳ ಕಾಲ್‌ಶೀಟನ್ನು ಕೆಲಸವಿಲ್ಲದೆ ಕಳೆದರೆ ಅದು ಮತ್ತೆ ದೊರೆಯುವುದಕ್ಕೆ ತಿಂಗಳುಗಳೇ ಬೇಕಾಗಬಹುದು.

ಕಾಲದ ಜೊತೆಗೆ ಮಿತವ್ಯಯದ ಚಿಂತೆಯೂ ಇದೆ. ಚಿತ್ರಗಳನ್ನು ಫಿಲ್ಮ್ ಸುರುಳಿಯ ಮೇಲೆ ತೆಗೆಯುತ್ತಿದ್ದ ಕಾಲದಲ್ಲಿ ಈ ಲೆಕ್ಕ ಬಹಳ ಸ್ಪಷ್ಟವಾಗಿತ್ತು. ಒಂದು ಸೆಕೆಂಡಿಗೆ 24 ಚೌಕಟ್ಟುಗಳು. ಒಂದು ಅಡಿ ಫಿಲ್ಮಿನಲ್ಲಿ 16 ಚೌಕಟ್ಟುಗಳು. ಅಂದರೆ ಒಂದು ನಿಮಿಷಕ್ಕೆ 90 ಅಡಿ ಫಿಲ್ಮ್ ಓಡುತ್ತಿತ್ತು. 400 ಅಡಿಗಳ ಸುರುಳಿಯೊಂದು ನಾಲ್ಕೂವರೆ ನಿಮಿಷಗಳೊಳಗೆ ಮುಗಿದುಹೋಗುತ್ತಿತ್ತು. ನಟನು ಮಾತು ತಪ್ಪಿದರೆ, ಯಾರೋ ಕೆಮ್ಮಿದರೆ, ಚೌಕಟ್ಟಿನೊಳಗೆ ನಾಯಿಯೊಂದು ನುಗ್ಗಿದರೆ ಅಷ್ಟು ಫಿಲ್ಮ್ ವ್ಯರ್ಥ. ಇಂದು ಡಿಜಿಟಲ್ ಕ್ಯಾಮರಾಗಳು ಬಂದು ಫಿಲ್ಮಿನ ವೆಚ್ಚವು ತಪ್ಪಿದೆ. ಆದರೆ ಸೂರ್ಯನಿಗೆ ಡಿಜಿಟಲ್ ರೂಪ ಬಂದಿಲ್ಲ. ಮುಸ್ಸಂಜೆಯ ಹೊಂಬೆಳಕು ಅಂದಿನಂತೆಯೇ ಇಂದಿಗೂ ಅರ್ಧ ಗಂಟೆಗಿಂತ ಹೆಚ್ಚು ನಿಲ್ಲುವುದಿಲ್ಲ. ನೂರು ಜನರ ಹಸಿವೂ ಆಯಾಸವೂ ಅಂದಿನಂತೆಯೇ ಇವೆ.

ಇವುಗಳ ನಡುವೆ ಸಣ್ಣ ಸಂಗತಿಗಳನ್ನೂ ಮರೆಯುವಂತಿಲ್ಲ. ಬಾಗಿಲಿನ ಹೊರಗೆ ನಿಂತ ನಾಯಕನನ್ನು ಇಂದು ಚಿತ್ರಿಸಿ, ಅವನು ಒಳಗೆ ಕಾಲಿಡುವುದನ್ನು ಹದಿನೈದು ದಿನಗಳ ತರುವಾಯ ಬೇರೊಂದು ಊರಿನಲ್ಲಿ ಚಿತ್ರಿಸಬಹುದು. ತೆರೆಯ ಮೇಲೆ ಇವೆರಡರ ನಡುವಿನ ಅಂತರ ಒಂದು ಹೆಜ್ಜೆ ಮಾತ್ರ. ಹೊರಗಿದ್ದಾಗ ಎಡಗೈಯಲ್ಲಿದ್ದ ಕೊಡೆ ಒಳಗೆ ಬಂದೊಡನೆ ಬಲಗೈಗೆ ಹಾರಿದರೆ, ಹಣೆಯ ಗಾಯ ಒಣಗಿದ್ದರೆ, ಅಂಗಿಯ ಗುಂಡಿ ಬದಲಾಗಿದ್ದರೆ ನೋಡುವವರು ನಗುತ್ತಾರೆ. ಇಂತಹ ವಿವರಗಳನ್ನು ಬರೆದಿಡುವುದಕ್ಕಾಗಿಯೇ ಒಂದು ದಾಖಲೆಪುಸ್ತಕವಿರುತ್ತದೆ. ಅದನ್ನು ಬರೆಯುವವನು ಸಾಮಾನ್ಯವಾಗಿ ತಂಡದಲ್ಲಿ ಎಲ್ಲರಿಗಿಂತ ಕಿರಿಯನಾದ ಸಹಾಯಕ. ಅವನ ಕಣ್ಣು ಒಂದು ಕ್ಷಣ ತಪ್ಪಿದರೆ ಹಿರಿಯರ ಒಂದು ದಿನದ ದುಡಿಮೆ ನಿಷ್ಫಲವಾಗಬಹುದು.

ಹೊರಾಂಗಣದ ಚಿತ್ರೀಕರಣ ಎಷ್ಟು ಕಷ್ಟಕರವೆಂಬುದಕ್ಕೆ ಕರ್ನಾಟಕದ ನೆಲದಲ್ಲಿಯೇ ಒಳ್ಳೆಯ ನಿದರ್ಶನವಿದೆ. ಆರ್. ಕೆ. ನಾರಾಯಣ್ ಅವರ ಕಥೆಗಳನ್ನು ಆಧರಿಸಿದ ‘ಮಾಲ್ಗುಡಿ ಡೇಸ್’ ಧಾರಾವಾಹಿಯು 1986ರಲ್ಲಿ ದೂರದರ್ಶನದಲ್ಲಿ ಪ್ರಸಾರವಾಗತೊಡಗಿತು. ಟಿ. ಎಸ್. ನರಸಿಂಹನ್ ಅವರು ನಿರ್ಮಿಸಿದ ಅದನ್ನು ಶಂಕರ್ ನಾಗ್ ಅವರು ನಿರ್ದೇಶಿಸಿದರು. ನಾರಾಯಣ್ ಅವರ ಕಾಲ್ಪನಿಕ ಊರಾದ ಮಾಲ್ಗುಡಿಗೆ ಶಿವಮೊಗ್ಗ ಜಿಲ್ಲೆಯ ಆಗುಂಬೆಯು ರೂಪವನ್ನು ಕೊಟ್ಟಿತು. ಅದೇ ಜಿಲ್ಲೆಯ ಅರಸಾಳಿನ ರೈಲು ನಿಲ್ದಾಣವು ಮಾಲ್ಗುಡಿಯ ನಿಲ್ದಾಣವಾಯಿತು. ಅದರ ಹಳೆಯ ಕಟ್ಟಡವು 2020ರಲ್ಲಿ ‘ಮಾಲ್ಗುಡಿ’ಯ ಹೆಸರಿನ ವಸ್ತುಸಂಗ್ರಹಾಲಯವಾಗಿ ತೆರೆಯಿತು. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು ಮಳೆಯಾಗುತ್ತದೆ. ಅಂತಹ ಸ್ಥಳದಲ್ಲಿ ಬಿಸಿಲಿನ ಕಥೆಯನ್ನು ಹೇಳಬೇಕಾದರೆ ಬಿಸಿಲು ಬಂದ ದಿನವನ್ನು ಕೈಬಿಡುವಂತಿಲ್ಲ. ಕಥೆಯ ನಾಯಕನಾದ ಸ್ವಾಮಿಯ ಪಾತ್ರವನ್ನು ವಹಿಸಿದವನು ಬಾಲನಟ ಮಂಜುನಾಥ್. ತಂದೆಯ ಪಾತ್ರದಲ್ಲಿದ್ದವರು ಗಿರೀಶ ಕಾರ್ನಾಡರು. ಮಳೆಯ ಊರು, ಮಕ್ಕಳ ಪಾತ್ರಗಳು, ವಾರವಾರವೂ ಪ್ರಸಾರವಾಗಬೇಕಾದ ಕಂತುಗಳು ಎಂಬ ಮೂರು ಕಟ್ಟುಗಳೂ ಆ ತಂಡದ ಮೇಲೆ ಇದ್ದವು.

ಶಂಕರ್ ನಾಗ್ ಅವರ ಬದುಕೇ ಹಲವು ಕೆಲಸಗಳ ಸಂಗಮವಾಗಿತ್ತು. 1978ರಲ್ಲಿ ‘ಒಂದಾನೊಂದು ಕಾಲದಲ್ಲಿ’ ಚಿತ್ರದ ಮೂಲಕ ಕನ್ನಡ ಚಿತ್ರರಂಗವನ್ನು ಪ್ರವೇಶಿಸಿದ ಅವರು ನಾಯಕನಟರಾಗಿ ಒಂದರ ಹಿಂದೆ ಒಂದರಂತೆ ಚಿತ್ರಗಳಲ್ಲಿ ದುಡಿದರು. ‘ಮಿಂಚಿನ ಓಟ’, ‘ಆಕ್ಸಿಡೆಂಟ್’ ಮೊದಲಾದ ಚಿತ್ರಗಳನ್ನು ನಿರ್ದೇಶಿಸಿದರು. ‘ಸಂಕೇತ್’ ತಂಡದ ಮೂಲಕ ನಾಟಕಗಳನ್ನು ಆಡಿಸಿದರು. ಕನ್ನಡ ಚಿತ್ರಗಳು ಧ್ವನಿಮುದ್ರಣಕ್ಕಾಗಿ ಹೊರಗೆ ಅಲೆಯುವುದು ತಪ್ಪಲೆಂದು ಬೆಂಗಳೂರಿನಲ್ಲಿ ಧ್ವನಿಮುದ್ರಣ ಕೇಂದ್ರವನ್ನು ಸ್ಥಾಪಿಸಿದರು. 1990ರ ಸೆಪ್ಟೆಂಬರ್ 30ರಂದು ದಾವಣಗೆರೆಯ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡಾಗ ಅವರಿಗೆ 36 ವರ್ಷಗಳೂ ತುಂಬಿರಲಿಲ್ಲ. ಇಷ್ಟು ಅಲ್ಪಕಾಲದಲ್ಲಿ ಇಷ್ಟೊಂದು ಕೆಲಸ ಒಬ್ಬ ವ್ಯಕ್ತಿಯ ಚುರುಕಿನಿಂದ ಮಾತ್ರವೇ ಸಾಧ್ಯವಾಗುವಂಥದಲ್ಲ. ಚಲನಚಿತ್ರ ಮತ್ತು ರಂಗಭೂಮಿಗಳಲ್ಲಿ ಒಬ್ಬರ ವೇಗವು ಅವರ ಸುತ್ತ ನಿಂತು ದಿನಗಳನ್ನೂ ಗಂಟೆಗಳನ್ನೂ ಹೊಂದಿಸುವ ಅನೇಕರ ಎಚ್ಚರವನ್ನು ಅವಲಂಬಿಸಿರುತ್ತದೆ.

ಈ ಎಚ್ಚರ ಹೇಗೆ ಕೆಲಸ ಮಾಡುತ್ತದೆಂಬುದನ್ನು ಅರಿಯಲು ಒಂದು ದಿನದ ಚಿತ್ರೀಕರಣವನ್ನು ಊಹಿಸಿಕೊಂಡರೆ ಸಾಕು. ಮಲೆನಾಡಿನ ಒಂದು ಹಳೆಯ ತೊಟ್ಟಿಯ ಮನೆ. ಎಪ್ಪತ್ತು ಜನರ ತಂಡ ನಸುಕಿನಿಂದಲೇ ದುಡಿಯುತ್ತಿದೆ. ಸಂಜೆ ನಾಲ್ಕು ಗಂಟೆಯ ವೇಳೆಗೆ ಮೂರು ಕೆಲಸಗಳು ಬಾಕಿ ಉಳಿದಿವೆ. ತಾತನ ಪಾತ್ರದ ಹಿರಿಯ ನಟರು ಆರು ಗಂಟೆಗೆ ಹೊರಡಬೇಕು; ಮರುದಿನ ಬೇರೊಂದು ಚಿತ್ರಕ್ಕೆ ಮಾತು ಕೊಟ್ಟಿದ್ದಾರೆ. ಅವರ ಮುಖ್ಯ ಸಂಭಾಷಣೆಯೊಂದು ಮನೆಯೊಳಗೆ ಆಗಬೇಕಾಗಿದೆ. ಕೆರೆಯ ಏರಿಯ ಮೇಲೆ ಮೊಮ್ಮಗನು ಮುಸ್ಸಂಜೆಯಲ್ಲಿ ಒಬ್ಬನೇ ನಡೆದುಬರುವ ದೃಶ್ಯಕ್ಕೆ ಐದೂವರೆಯ ಹೊಂಬೆಳಕು ಬೇಕು. ಆದರೆ ಮೊಮ್ಮಗನಾಗಿ ಅಭಿನಯಿಸುತ್ತಿರುವ ಹುಡುಗನು ಬೆಳಗಿನಿಂದ ನಾಲ್ಕೂವರೆ ಗಂಟೆಗಳ ಕಾಲ ಕೆಲಸ ಮಾಡಿದ್ದಾನೆ. ಇವುಗಳ ಮಧ್ಯೆ ಬಿದ್ದ ಒಂದು ಹದ ಮಳೆಯಿಂದ ಅಂಗಳದಲ್ಲಿ ನೀರು ನಿಂತು, ದೀಪಗಳಿಗೆ ವಿದ್ಯುತ್ತನ್ನು ಒಯ್ಯುವ ದಪ್ಪ ತಂತಿಯು ಆ ನೀರಿನಲ್ಲಿ ಮುಳುಗಿದೆ.

ನಿರ್ದೇಶಕನಿಗೆ ಹೊಂಬೆಳಕಿನ ಮೇಲೆ ಕಣ್ಣು. ನಿರ್ಮಾಪಕನಿಗೆ ಹಿರಿಯ ನಟರ ಕಾಲ್‌ಶೀಟಿನ ಚಿಂತೆ. ಛಾಯಾಗ್ರಾಹಕನು ದೀಪಗಳನ್ನು ಬೇಗ ಹೊತ್ತಿಸಿರೆಂದು ಕೂಗುತ್ತಿದ್ದಾನೆ. ಹುಡುಗನ ತಾಯಿ ಮೂಲೆಯಲ್ಲಿ ನಿಂತು ಗಡಿಯಾರವನ್ನು ನೋಡುತ್ತಿದ್ದಾಳೆ. ಆದರೆ ಬಾಯಿ ತೆರೆದು ಏನನ್ನೂ ಹೇಳಲಾರಳು. ಎಲ್ಲರ ಬೇಡಿಕೆಯೂ ನ್ಯಾಯವಾದದ್ದೇ. ಪ್ರತಿಯೊಬ್ಬರಿಗೂ ತಮ್ಮ ಕೆಲಸವೇ ಅತ್ಯಂತ ತುರ್ತಿನದಾಗಿ ಕಾಣುತ್ತದೆ. ಸಹಾಯಕ ನಿರ್ದೇಶಕನು ಯಾರ ದನಿ ದೊಡ್ಡದೋ ಅವರ ಕೆಲಸವನ್ನು ಮೊದಲು ಮಾಡಿದರೆ ಆ ಕ್ಷಣಕ್ಕೆ ನೆಮ್ಮದಿ ದೊರೆಯುತ್ತದೆ. ಎಲ್ಲವನ್ನೂ ಒಟ್ಟಿಗೆ ಮಾಡಹೊರಟರೆ ಎರಡು ದೋಣಿಗಳಲ್ಲಿ ಕಾಲಿಟ್ಟವನ ಗತಿಯಾಗುತ್ತದೆ.

ಅವನು ಮಾಡುವುದೇ ಬೇರೆ. ಮೊಟ್ಟಮೊದಲು ವಿದ್ಯುತ್ತನ್ನು ನಿಲ್ಲಿಸಿ, ತಂತಿಯನ್ನು ನೀರಿನಿಂದ ಎತ್ತಿಸಿ, ಜೋಡಣೆಗಳನ್ನು ಒರೆಸಿ ಪರೀಕ್ಷಿಸುವಂತೆ ಹೇಳುತ್ತಾನೆ. ಇದಕ್ಕೆ ಇಪ್ಪತ್ತು ನಿಮಿಷ ಬೇಕು. ಆ ಇಪ್ಪತ್ತು ನಿಮಿಷಗಳಲ್ಲಿ ಏನೂ ನಡೆಯುವುದಿಲ್ಲ. ಎಲ್ಲರ ಕೋಪವೂ ಅವನ ಮೇಲೆ ತಿರುಗುತ್ತದೆ. ಆದರೂ ಅವನು ಕದಲುವುದಿಲ್ಲ. ಬಳಿಕ ಹಿರಿಯ ನಟರ ಸಂಭಾಷಣೆಯನ್ನು ಕೈಗೆತ್ತಿಕೊಳ್ಳುವಂತೆ ನಿರ್ದೇಶಕನಿಗೆ ಸೂಚಿಸುತ್ತಾನೆ. ಅಲ್ಲಿಯೂ ಒಂದು ಉಪಾಯವಿದೆ. ತಾತನ ಮಾತುಗಳನ್ನು ಮಾತ್ರ ಇಂದು ಚಿತ್ರಿಸಿ, ಅದಕ್ಕೆ ಉತ್ತರ ಕೊಡುವ ಮಗನ ಪಾತ್ರಧಾರಿಯ ಮುಖವನ್ನು ನಾಳೆ ಚಿತ್ರಿಸಿಕೊಳ್ಳಬಹುದು. ಏಕೆಂದರೆ ಆ ನಟನು ಇನ್ನೂ ಒಂದು ವಾರ ಊರಿನಲ್ಲಿರುತ್ತಾನೆ. ತೆರೆಯ ಮೇಲೆ ಇಬ್ಬರೂ ಎದುರುಬದುರಾಗಿ ಮಾತನಾಡಿದಂತೆಯೇ ಕಾಣುತ್ತದೆ. ಹುಡುಗನನ್ನು ಅವನು ಮನೆಗೆ ಕಳುಹಿಸುತ್ತಾನೆ. ಕೆರೆಯ ಏರಿಯ ದೃಶ್ಯವನ್ನು ಮರುದಿನಕ್ಕೆ ಮುಂದೂಡುತ್ತಾನೆ.

ಈ ನಿರ್ಧಾರದ ಹಿಂದೆ ಒಂದು ಸರಳವಾದ ತರ್ಕವಿದೆ. ಹಿರಿಯ ನಟರು ನಾಳೆ ಇರುವುದಿಲ್ಲ. ಸಂಜೆಯ ಬೆಳಕು ನಾಳೆಯೂ ಬರುತ್ತದೆ. ಎರಡು ಕೆಲಸಗಳಲ್ಲಿ ಯಾವುದು ಮತ್ತೆ ದೊರೆಯಲಾರದೋ ಅದನ್ನು ಮೊದಲು ಮಾಡಬೇಕು. ದಣಿದ ಮಗುವಿನಿಂದ ಇನ್ನೂ ಒಂದು ಗಂಟೆ ದುಡಿಸಿಕೊಂಡು ಪಡೆಯುವ ದೃಶ್ಯವು ಎಷ್ಟೇ ಸುಂದರವಾಗಿದ್ದರೂ ಅದರ ಬೆಲೆ ಹೆಚ್ಚಾಯಿತು. ಈ ಮಾತು ಇಂದು ಕೇವಲ ಸಹಾನುಭೂತಿಯ ಮಾತಲ್ಲ. ಕಾನೂನಿನ ಮಾತೂ ಹೌದು. ಬಾಲಕಾರ್ಮಿಕ ಕಾಯಿದೆಯ ತಿದ್ದುಪಡಿಯನ್ನು ಅನುಸರಿಸಿ 2017ರಲ್ಲಿ ರಚಿತವಾದ ನಿಯಮಗಳ ಪ್ರಕಾರ, ಬಾಲ ಕಲಾವಿದರನ್ನು ದಿನಕ್ಕೆ 5 ಗಂಟೆಗಳಿಗಿಂತ ಹೆಚ್ಚು ದುಡಿಸುವಂತಿಲ್ಲ. ವಿಶ್ರಾಂತಿಯಿಲ್ಲದೆ 3 ಗಂಟೆಗಳಿಗಿಂತ ಹೆಚ್ಚು ನಿಲ್ಲಿಸುವಂತಿಲ್ಲ. ಚಿತ್ರೀಕರಣಕ್ಕಾಗಿ ಅವರ ಶಿಕ್ಷಣ ಕೆಡಬಾರದೆಂಬ ಎಚ್ಚರಿಕೆಯೂ ಆ ನಿಯಮಗಳಲ್ಲಿ ಇದೆ.

ಇಷ್ಟಾದರೂ ಆ ಸಹಾಯಕನ ಪರೀಕ್ಷೆ ಮುಗಿಯಲಿಲ್ಲ. ಮರುದಿನ ಸಂಜೆ ಮೋಡ ಕವಿದು ಬೆಳಕೇ ಬರಲಿಲ್ಲವೆಂದು ಭಾವಿಸಬಹುದು. ಮೂರನೆಯ ದಿನವೂ ಅದೇ ಆಯಿತು. ಒಂದು ನಿಮಿಷದ ದೃಶ್ಯಕ್ಕಾಗಿ ಎಪ್ಪತ್ತು ಜನರು ಎರಡು ದಿನ ಕಾದರು. ‘ಅಂದೇ ಮುಗಿಸಿದ್ದರೆ?’ ಎಂದು ನಿರ್ಮಾಪಕನು ಕೇಳಿದರೆ ಉತ್ತರವೇನು? ಇಲ್ಲಿಯೇ ಈ ವೃತ್ತಿಯ ಕಠಿಣವಾದ ಪಾಠವಿದೆ. ಸರಿಯಾದ ನಿರ್ಧಾರವು ಯಾವಾಗಲೂ ಲಾಭವನ್ನೇ ತರುವುದಿಲ್ಲ. ಆ ಕ್ಷಣದಲ್ಲಿ ತಿಳಿದಿದ್ದ ಸಂಗತಿಗಳನ್ನು ತೂಗಿ ನೋಡಿ ಮಾಡಿದ ಆಯ್ಕೆಯು ನಂತರ ನಷ್ಟಕ್ಕೆ ಕಾರಣವಾದರೂ ತಪ್ಪೆನಿಸುವುದಿಲ್ಲ. ಹಾಗೆಯೇ ಅಪಾಯವನ್ನು ಲೆಕ್ಕಿಸದೆ ಮಾಡಿದ ಕೆಲಸವು ಅದೃಷ್ಟವಶಾತ್ ಕೈಗೂಡಿದರೂ ಸರಿಯೆನಿಸುವುದಿಲ್ಲ. ನಷ್ಟದ ಹೊಣೆಯನ್ನು ಹೊತ್ತುಕೊಂಡು, ನಿಲ್ಲಬೇಕಾದ ಕಡೆ ನಿಲ್ಲುವ ಧೈರ್ಯ ಇದ್ದವನೇ ಈ ಕೆಲಸಕ್ಕೆ ತಕ್ಕವನು.

ಅಂತಹ ಒಂದು ನಿಲುಗಡೆಯ ಬೆಲೆ ಎಷ್ಟೆಂಬುದನ್ನು ಮೈಸೂರಿನ ಒಂದು ದುರಂತವು ತಿಳಿಸುತ್ತದೆ. 1989ರ ಫೆಬ್ರವರಿ 8ರಂದು ಅಲ್ಲಿಯ ಪ್ರೀಮಿಯರ್ ಸ್ಟುಡಿಯೋದಲ್ಲಿ ‘ದಿ ಸ್ವೋರ್ಡ್ ಆಫ್ ಟಿಪ್ಪು ಸುಲ್ತಾನ್’ ಎಂಬ ಧಾರಾವಾಹಿಯ ಚಿತ್ರೀಕರಣ ನಡೆಯುತ್ತಿದ್ದಾಗ ಬೆಂಕಿ ಹತ್ತಿಕೊಂಡಿತು. ಮುಚ್ಚಿದ ಕಟ್ಟಡ, ಸುಲಭವಾಗಿ ಉರಿಯುವ ದೃಶ್ಯಸಜ್ಜೆ, ಒಳಗೆ ಕಿಕ್ಕಿರಿದ ಜನ. 60ಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ಧಾರಾವಾಹಿಯ ನಾಯಕನಟರೂ ಆಗಿದ್ದ ಸಂಜಯ್ ಖಾನ್ ಅವರು ತೀವ್ರವಾದ ಸುಟ್ಟ ಗಾಯಗಳಿಂದ ಬಹುಕಾಲ ಆಸ್ಪತ್ರೆಯಲ್ಲಿ ಇರಬೇಕಾಯಿತು. ಅನಂತರ ಆ ಧಾರಾವಾಹಿಯು ಪೂರ್ಣಗೊಂಡು ಪ್ರಸಾರವೂ ಆಯಿತು. ಆದರೆ ಅಂದು ಕೆಲಸಕ್ಕೆಂದು ಮನೆಯಿಂದ ಹೊರಟವರು ಮತ್ತೆ ಮರಳಲಿಲ್ಲ. 2016ರ ನವೆಂಬರ್ 7ರಂದು ಬೆಂಗಳೂರಿನ ಬಳಿಯ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ ಸಾಹಸದೃಶ್ಯವೊಂದರ ಚಿತ್ರೀಕರಣದ ವೇಳೆಗೆ ಹೆಲಿಕಾಪ್ಟರಿನಿಂದ ನೀರಿಗೆ ಧುಮುಕಿದ ಇಬ್ಬರು ಯುವನಟರು ಮುಳುಗಿ ಸತ್ತರು. ಮುಂದೂಡಿದ ದೃಶ್ಯವನ್ನು ಇನ್ನೊಂದು ದಿನ ತೆಗೆಯಬಹುದು, ಕಥೆಯನ್ನೇ ಬದಲಿಸಬಹುದು, ಹೋದ ಜೀವವನ್ನು ಯಾವ ಕಾಲ್‌ಶೀಟೂ ಮರಳಿಸಲಾರದು.

ಹೀಗೆ ನೋಡಿದಾಗ ಅವಸರದ ಕೆಲಸದಲ್ಲಿ ಪಾಲಿಸಬೇಕಾದ ಕ್ರಮವೊಂದು ತಾನಾಗಿಯೇ ಸ್ಪಷ್ಟವಾಗುತ್ತದೆ. ಜೀವಕ್ಕೂ ಆರೋಗ್ಯಕ್ಕೂ ಸಂಬಂಧಿಸಿದ್ದು ಎಲ್ಲಕ್ಕಿಂತ ಮೊದಲು. ಅದರೊಡನೆ ಬೇರೆ ಯಾವುದನ್ನೂ ತೂಗುವಂತಿಲ್ಲ. ಎರಡನೆಯದಾಗಿ, ಕಳೆದರೆ ಮತ್ತೆ ದೊರೆಯದ ಅವಕಾಶ. ಮೂರನೆಯದಾಗಿ, ಇತರರ ಕೆಲಸವು ಯಾವುದನ್ನು ಕಾದು ನಿಂತಿದೆಯೋ ಅದು. ವೇಷವು ಸಿದ್ಧವಾಗದೆ ನಟರು ಬರಲಾರರು. ನಟರು ಬಾರದೆ ಬೆಳಕನ್ನು ಹೊಂದಿಸಲಾಗದು. ಆದ್ದರಿಂದ ಉಡುಪಿಗೆ ಇಸ್ತ್ರಿ ಹಾಕುವ ಸಣ್ಣ ಕೆಲಸವೇ ಕೆಲವೊಮ್ಮೆ ಎಲ್ಲಕ್ಕಿಂತ ಮುಖ್ಯವಾಗುತ್ತದೆ. ಉಳಿದವು ತಮ್ಮ ಸರದಿಗಾಗಿ ಕಾಯಬಹುದು. ತುರ್ತಾಗಿ ಕಾಣುವುದೆಲ್ಲವೂ ಮುಖ್ಯವಲ್ಲ. ಮುಖ್ಯವಾದದ್ದು ಅನೇಕ ವೇಳೆ ಸದ್ದು ಮಾಡುವುದಿಲ್ಲ. ನೀರಿನಲ್ಲಿ ಮುಳುಗಿದ ತಂತಿ ಕೂಗಿ ಕರೆಯಲಿಲ್ಲ. ಮೂಲೆಯಲ್ಲಿ ನಿಂತ ತಾಯಿಯೂ ಮಾತನಾಡಲಿಲ್ಲ. ಅವನ್ನು ಕಾಣುವ ಕಣ್ಣು ಬೇಕು.

ಈ ಕ್ರಮವನ್ನು ಸ್ಥಳದಲ್ಲಿಯೇ ಯೋಚಿಸಿ ಕಂಡುಕೊಳ್ಳುವುದು ಕಷ್ಟ. ಆದುದರಿಂದಲೇ ಅನುಭವಿಗಳು ಹಿಂದಿನ ರಾತ್ರಿಯೇ ಮರುದಿನದ ಕೆಲಸವನ್ನು ಬರೆದಿಡುತ್ತಾರೆ. ಯಾರು ಎಷ್ಟು ಗಂಟೆಗೆ ಎಲ್ಲಿಗೆ ಬರಬೇಕೆಂಬ ಪತ್ರಿಕೆಯು ಎಲ್ಲ ವಿಭಾಗಗಳಿಗೂ ತಲಪುತ್ತದೆ. ಮಳೆ ಬಂದರೆ ಮಾಡಬಹುದಾದ ಒಳಾಂಗಣದ ದೃಶ್ಯವೊಂದನ್ನು ಯಾವಾಗಲೂ ಕಾದಿರಿಸುತ್ತಾರೆ. ಇಡೀ ಯೋಜನೆಯಲ್ಲಿ ಒಂದೆರಡು ದಿನಗಳನ್ನು ಯಾವ ಕೆಲಸಕ್ಕೂ ಹಂಚದೆ ಬರಿದಾಗಿ ಬಿಟ್ಟಿರುತ್ತಾರೆ. ಬರಿದಾದ ಆ ದಿನಗಳು ಸೋಮಾರಿತನವಲ್ಲ. ಬರಗಾಲಕ್ಕೆಂದು ರೈತನು ಕಣಜದಲ್ಲಿ ಉಳಿಸುವ ಕಾಳಿನಂತೆ ಅವು ಆಪತ್ತಿಗೆ ಒದಗುವ ಸಂಗ್ರಹ. ವಿಶ್ರಾಂತಿಯೂ ಇಂತಹದೇ ಒಂದು ಸಂಗ್ರಹ. ಮೂರು ರಾತ್ರಿ ನಿದ್ದೆಗೆಟ್ಟವನಿಗೆ ಮುಖ್ಯವಾದದ್ದಕ್ಕೂ ತುರ್ತಿನದಕ್ಕೂ ಇರುವ ಭೇದ ತಿಳಿಯುವುದಿಲ್ಲ. ಆತುರಗಾರನಿಗೆ ಬುದ್ಧಿ ಮಟ್ಟ ಎಂಬ ಗಾದೆ ದಣಿದವನಿಗೂ ಅಷ್ಟೇ ಸಲ್ಲುತ್ತದೆ.

ಈ ಪಾಠವು ಚಿತ್ರರಂಗವನ್ನು ಸೇರುವವರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಪರೀಕ್ಷೆ ಸಮೀಪಿಸಿದಾಗ ಐದು ವಿಷಯಗಳ ಪುಸ್ತಕಗಳು ಒಟ್ಟಿಗೆ ಎದುರಿಗೆ ನಿಲ್ಲುತ್ತವೆ. ಅದೇ ವೇಳೆಗೆ ಶಾಲೆಯ ನಾಟಕದ ಅಭ್ಯಾಸವಿರುತ್ತದೆ. ಮನೆಯಲ್ಲಿ ತಾಯಿಗೆ ಜ್ವರ ಬಂದಿರುತ್ತದೆ. ಎಲ್ಲವೂ ಒಮ್ಮೆಲೇ ಕರೆಯುವಾಗ ದೊಡ್ಡ ದನಿಗೆ ಓಗೊಡುವ ಬದಲು ಒಂದು ಗಳಿಗೆ ನಿಂತು, ಯಾವುದು ಕಾಯಬಲ್ಲದು, ಯಾವುದು ಕಾಯಲಾರದು ಎಂದು ಕೇಳಿಕೊಳ್ಳುವ ವಿದ್ಯಾರ್ಥಿಯು ಆ ಸಹಾಯಕ ನಿರ್ದೇಶಕನ ದಾರಿಯಲ್ಲಿಯೇ ನಡೆಯುತ್ತಾನೆ.

ಚಿತ್ರೀಕರಣವು ಮುಗಿದ ದಿನ ಕುಂಬಳಕಾಯಿ ಒಡೆಯುವುದು ನಮ್ಮ ಚಿತ್ರರಂಗದ ಸಂಪ್ರದಾಯ. ಅಂದು ನಿರ್ದೇಶಕನಿಗೂ ನಟರಿಗೂ ಹಾರಗಳು ಬೀಳುತ್ತವೆ, ಛಾಯಾಚಿತ್ರಗಳನ್ನು ತೆಗೆಯುತ್ತಾರೆ. ಆ ಸಂಭ್ರಮದ ನಡುವೆ ಒಬ್ಬನು ಬದಿಗೆ ನಿಂತು ತಂಡದವರನ್ನು ಎಣಿಸುತ್ತಿರುತ್ತಾನೆ. ಮೊದಲ ದಿನ ಮುಹೂರ್ತಕ್ಕೆ ಬಂದವರೆಲ್ಲರೂ ಇಂದು ಕ್ಷೇಮವಾಗಿ ಮನೆಗೆ ಹೊರಟಿದ್ದಾರೆ. ಲೆಕ್ಕ ಸರಿಯಾಗಿದೆ. ಅವನ ಹೆಸರು ತೆರೆಯ ಮೇಲೆ ಬರುವಾಗ ಜನರು ಬಾಗಿಲಿನ ಕಡೆಗೆ ನಡೆಯುತ್ತಿರುತ್ತಾರೆ. ಅದಕ್ಕಾಗಿ ಅವನಿಗೆ ಬೇಸರವಿಲ್ಲ.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ.
1. ಕನ್ನಡದ ಮೊದಲ ವಾಕ್ಚಿತ್ರ ಯಾವುದು? ಅದು ಎಂದು ತೆರೆಕಂಡಿತು?
2. ಚಿತ್ರರಂಗದಲ್ಲಿ ‘ಕಾಲ್‌ಶೀಟ್’ ಎಂದರೇನು?
3. ‘ಮಾಲ್ಗುಡಿ ಡೇಸ್’ ಧಾರಾವಾಹಿಯಲ್ಲಿ ಮಾಲ್ಗುಡಿಗೆ ರೂಪ ಕೊಟ್ಟ ಊರು ಯಾವುದು?

ಆ) ಮೂರು ನಾಲ್ಕು ವಾಕ್ಯಗಳಲ್ಲಿ ಉತ್ತರಿಸಿರಿ.
1. ಚಿತ್ರದ ದೃಶ್ಯಗಳನ್ನು ಕಥೆಯ ಕ್ರಮದಲ್ಲಿಯೇ ಏಕೆ ಚಿತ್ರಿಸುವುದಿಲ್ಲ?
2. ಸಹಾಯಕ ನಿರ್ದೇಶಕನು ಕೆರೆಯ ಏರಿಯ ದೃಶ್ಯವನ್ನು ಮುಂದೂಡಲು ಕಾರಣಗಳೇನು?
3. ಯೋಜನೆಯಲ್ಲಿ ಬರಿದಾಗಿ ಬಿಟ್ಟ ದಿನಗಳನ್ನು ಯಾವುದಕ್ಕೆ ಹೋಲಿಸಲಾಗಿದೆ? ಏಕೆ?

ಇ) ‘ಸರಿಯಾದ ನಿರ್ಧಾರವು ಯಾವಾಗಲೂ ಲಾಭವನ್ನೇ ತರುವುದಿಲ್ಲ.’ ಈ ಮಾತನ್ನು ಪಾಠದ ನಿದರ್ಶನದೊಡನೆ ವಿವರಿಸಿರಿ.

ಈ) ನಿಮ್ಮ ನಾಳಿನ ದಿನದ ಕೆಲಸಗಳನ್ನು ಪಟ್ಟಿಮಾಡಿ, ಅವುಗಳಲ್ಲಿ ಕಾಯಬಲ್ಲವು ಯಾವುವು, ಕಾಯಲಾರದವು ಯಾವುವು ಎಂಬುದನ್ನು ವಿಂಗಡಿಸಿ ಬರೆಯಿರಿ.